ಆಸ್ಪತ್ರೆಗೆ ದಾಖಲಾಗದೆ ಮಾತ್ರೆಯ ಚಟ ಬಿಡಿಸಬಹುದೇ?

ನಾಪೋಕ್ಲು_ಅಕ್ಕ:
ತಮ್ಮನಿಗೆ 24 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಮನೆಗೆ ಬಂದಿದ್ದಾನೆ. ಬೆನ್ನುನೋವಿಗೆಂದು ಶುರುವಾದ ಟಪೆಂಟಡಾಲ್ ಈಗ ದಿನಕ್ಕೊಂದು ಸ್ಟ್ರಿಪ್ ಆಗಿದೆ. ಚುಚ್ಚಿಕೊಳ್ಳುವುದಿಲ್ಲ, ನುಂಗುತ್ತಾನೆ. ದಾಖಲಾಗುವುದು ಬೇಡ, ಬಂದು ಹೋಗಿ ಚಿಕಿತ್ಸೆ ಪಡೆಯಬಹುದು ಎಂದು ಮನೋವೈದ್ಯರು ಹೇಳಿದ್ದಾರೆ. ಅಪ್ಪನಿಗೆ ಇದೇ ಬೇಕಿತ್ತು. ಹುತ್ತರಿಗೆ ನೆಂಟರು ಬರುವುದರೊಳಗೆ ಒಂದು ವಾರದಲ್ಲಿ ಎಲ್ಲ ಮುಗಿಸಬೇಕು, ಕೇಳಿದವರಿಗೆ ಕಾಮಾಲೆ ಎನ್ನಬೇಕು ಎಂಬುದು ಅವರ ಲೆಕ್ಕ. ನನಗೆ ಭಯವಾಗುತ್ತಿದೆ. ರಾತ್ರಿ ಏನಾದರೂ ಆದರೆ ನಮ್ಮ ತೋಟದ ದಾರಿಯಲ್ಲಿ ಜೀಪ್ ಒಂದೇ ಗತಿ, ಆನೆ ಕಾಟ ಬೇರೆ. ಮನೆಯಲ್ಲಿಟ್ಟುಕೊಂಡು ನೋಡಿಕೊಂಡವರು ಯಾರಾದರೂ ಇದ್ದೀರಾ?

ವಿರಾಜಪೇಟೆ_ನಿವೃತ್ತ_ನರ್ಸ್:
ವೈದ್ಯರು ಸರಿಯಾಗಿಯೇ ಹೇಳಿದ್ದಾರೆ ತಂಗಿ. ನಿನ್ನ ತಮ್ಮ ನುಂಗುತ್ತಿರುವುದು ಅಫೀಮಿನ ಗುಣದ ನೋವುನಿವಾರಕ. ಅದನ್ನು ನಿಲ್ಲಿಸಿದಾಗ ಆಗುವ ಸಂಕಟ ಭಯಂಕರ, ಆದರೆ ಬೇರೆ ಕಾಯಿಲೆಯಿಲ್ಲದ ಹುಡುಗನಿಗೆ ಸಾಮಾನ್ಯವಾಗಿ ಅದರಿಂದ ಪ್ರಾಣಾಪಾಯವಿಲ್ಲ. ಮೊದಲ ದಿನ ಆಕಳಿಕೆ, ಮೂಗು ಸೋರುವುದು, ಮೈಮೇಲಿನ ರೋಮ ನಿಮಿರುವುದು. ಎರಡು ಮೂರನೆಯ ದಿನ ಭೇದಿ, ವಾಂತಿ, ಕಾಲು ಸೆಳೆತ, ನಿದ್ರೆಯಿಲ್ಲದ ರಾತ್ರಿ. ಭೇದಿಯಿಂದ ನೀರಿನಂಶ ಕಡಿಮೆಯಾಗಲು ಬಿಡಬೇಡ, ಓಆರ್‌ಎಸ್ ಮನೆಯಲ್ಲಿರಲಿ.

ವೈದ್ಯರು ಬುಪ್ರೆನಾರ್ಫಿನ್, ಅಂದರೆ ಸಂಕಟವನ್ನೂ ಆಸೆಯನ್ನೂ ತಗ್ಗಿಸಲು ಕೊಡುವ ಅದೇ ಗುಣದ ಬದಲಿ ಔಷಧ, ಕೊಟ್ಟರೆ ಅದನ್ನು ನಾಲಿಗೆಯಡಿ ಇಟ್ಟು ಕರಗಿಸಬೇಕು, ನುಂಗಿದರೆ ಉಪಯೋಗವಿಲ್ಲ. ಅವಸರಪಟ್ಟು ಮೊದಲೇ ಇಡಬಾರದು. ಕೊನೆಯ ಟಪೆಂಟಡಾಲ್ ನುಂಗಿ 12 ಗಂಟೆಯಾದರೂ ಕಳೆದು, ಸಂಕಟ ಎದ್ದು ಕಾಣುವಾಗ ವೈದ್ಯರೆದುರೇ ಮೊದಲ ಮಾತ್ರೆ. ಬೇಗ ಇಟ್ಟರೆ ಸಂಕಟ ಒಮ್ಮೆಗೇ ಇಮ್ಮಡಿಯಾಗುತ್ತದೆ, ಹುಡುಗ ಔಷಧವನ್ನೇ ಬಯ್ದು ಓಡಿಹೋಗುತ್ತಾನೆ. ನಾನು ಕಂಡ ಸೋಲುಗಳಲ್ಲಿ ಅರ್ಧ ಇಲ್ಲಿಯವೇ.

ಇನ್ನು ನಿನ್ನ ಅಪ್ಪನ ಒಂದು ವಾರ. ಮೈಯಿಂದ ಮಾತ್ರೆ ಇಳಿಸುವುದಕ್ಕೆ ವಾರ ಸಾಕಾದೀತು, ಆಸೆ ಇಳಿಯುವುದಕ್ಕೆ ಸಾಲದು. ವಾರದ ಬಳಿಕ ಔಷಧ ನಿಲ್ಲಿಸಿ ಕೈತೊಳೆದುಕೊಂಡರೆ ಮೈ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಆಗ ಹಳೆಯ ಲೆಕ್ಕದಲ್ಲೇ ಒಂದು ಸ್ಟ್ರಿಪ್ ನುಂಗಿದರೆ ಉಸಿರು ನಿಲ್ಲಬಹುದು. ಆದ್ದರಿಂದಲೇ ಬುಪ್ರೆನಾರ್ಫಿನ್ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ನಡೆಯುತ್ತದೆ. ಅದನ್ನು ಅಪ್ಪ 'ಇನ್ನೊಂದು ಚಟ' ಎನ್ನುತ್ತಾರೆ, ಎಲ್ಲ ಅಪ್ಪಂದಿರೂ ಹಾಗೆಯೇ ಅನ್ನುವುದು. ಅನ್ನಲಿ ಬಿಡು.

ಹುತ್ತರಿ ಎಂದೆಯಲ್ಲ, ಅಲ್ಲಿದೆ ನಿಜವಾದ ಅಪಾಯ. ನಮ್ಮ ಮನೆಗಳಲ್ಲಿ ಗ್ಲಾಸ್ ಕೈಗೆ ಕೊಡದಿದ್ದರೆ ಅದನ್ನೇ ಅವಮಾನ ಎನ್ನುತ್ತಾರೆ. ಬುಪ್ರೆನಾರ್ಫಿನ್ ಮೇಲೆ ಮದ್ಯವಾಗಲಿ ನಿದ್ರೆ ಮಾತ್ರೆಯಾಗಲಿ ಬಿದ್ದರೆ ಉಸಿರಾಟ ನಿಧಾನವಾಗುತ್ತದೆ. ಕಾಮಾಲೆಯ ಸುಳ್ಳು ಅಲ್ಲಿ ಕೆಲಸಕ್ಕೆ ಬರಬಹುದು. ಕಾಮಾಲೆಯವನಿಗೆ ಯಾರೂ ಕುಡಿ ಎನ್ನುವುದಿಲ್ಲ!

ಸೋಮವಾರಪೇಟೆ_ತೋಟ:
ದಾಖಲಾತಿಯೇ ಬೇಡ ಎಂದು ಎಲ್ಲರೂ ಓದಿಕೊಳ್ಳಬಾರದು. ನಮ್ಮ ಭಾವ ಕುಡಿತವನ್ನು ಮನೆಯಲ್ಲೇ ಒಮ್ಮೆಗೇ ನಿಲ್ಲಿಸಿದರು. ಎರಡನೆಯ ದಿನ ಫಿಟ್ಸ್ ಬಂತು, ಆಮೇಲೆ ಗೋಡೆಯಲ್ಲಿ ಹುಳು ಕಾಣತೊಡಗಿತು. ಆಸ್ಪತ್ರೆ ಸೇರಿಸಿ ಉಳಿಸಿಕೊಂಡೆವು.

ವಿರಾಜಪೇಟೆ_ನಿವೃತ್ತ_ನರ್ಸ್:
ಸರಿಯಾದ ಮಾತು. ಮದ್ಯ ಮತ್ತು ನಿದ್ರೆ ಮಾತ್ರೆಯ ವಿಷಯವೇ ಬೇರೆ, ಒಮ್ಮೆಗೇ ಬಿಟ್ಟರೆ ಜೀವಕ್ಕೇ ಬರಬಹುದು. ತಂಗಿ, ತಮ್ಮ ಆಲ್ಪ್ರಜೋಲಾಮ್‌ನಂಥ ನಿದ್ರೆ ಮಾತ್ರೆ ಏನಾದರೂ ಜೊತೆಗೆ ನುಂಗುತ್ತಿದ್ದಾನೆಯೇ ಎಂದು ಅವನನ್ನೇ ಕೇಳು. ನುಂಗುತ್ತಿದ್ದರೆ ಅಥವಾ ಹಿಂದೆ ಫಿಟ್ಸ್ ಬಂದಿದ್ದರೆ ಈ ಮನೆಯ ಯೋಜನೆ ಬಿಟ್ಟುಬಿಡು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳು, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್. ರಾತ್ರಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416, ವ್ಯಸನಕ್ಕೇ ಮೀಸಲಾದ ಸಹಾಯವಾಣಿ 14446. ಉಸಿರು ತೀರಾ ನಿಧಾನವಾಗಿ, ಕರೆದರೂ ಏಳದಿದ್ದರೆ ಫೋನಿನಲ್ಲಿ ಸಲಹೆ ಕೇಳುತ್ತ ಕೂರಬೇಡ, 108ಕ್ಕೆ ಕರೆಮಾಡು.

ನಾಪೋಕ್ಲು_ಅಕ್ಕ:
ಕೇಳಿದೆ. ಬೇರೆ ಮಾತ್ರೆ ಇಲ್ಲವಂತೆ, ಆಣೆ ಇಟ್ಟ. ಆದರೂ ವೈದ್ಯರಿಗೆ ಮೂತ್ರಪರೀಕ್ಷೆ ಮಾಡಿಸಿ ಎಂದಿದ್ದೇನೆ. ಸೋಮವಾರ ಶುರು. ನೆಂಟರಿಗೆ ಕಾಮಾಲೆ ಎಂದೇ ಹೇಳುವುದು. ತಮ್ಮನ ಷರತ್ತು ಒಂದೇ: ಔಷಧದ ಪೆಟ್ಟಿಗೆಯ ಕೀಲಿ ಅಪ್ಪನ ಬಳಿ ಇರಬಾರದು, ನನ್ನ ಬಳಿ ಇರಬೇಕು.