ಫಾಫ್ಸಾ: ಹೆಂಡತಿಗೆ ಎಸ್‌ಎಸ್‌ಎನ್ ಇಲ್ಲ, ಯಾರ್ಯಾರ ಅಕೌಂಟ್ ತೆರೆಯಬೇಕು?

ಎಡಿಸನ್_ಅಪ್ಪ
ಮಗಳು ಇಲ್ಲೇ ಹುಟ್ಟಿದವಳು, ಅಮೆರಿಕನ್ ಸಿಟಿಜನ್. 2026ರ ಫಾಲ್‌ಗೆ ಕಾಲೇಜು ಸೇರುತ್ತಾಳೆ. ನಾನು ಎಚ್-1ಬಿ (ಕೆಲಸದ ವೀಸಾ), ನನಗೆ ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯೂರಿಟಿ ನಂಬರ್) ಇದೆ. ಹೆಂಡತಿ ಎಚ್-4 (ಅವಲಂಬಿತರ ವೀಸಾ), ಅವರಿಗಿರುವುದು ಐಟಿಐಎನ್ (ಎಸ್‌ಎಸ್‌ಎನ್ ಸಿಗದವರಿಗೆ ಕೊಡುವ ಟ್ಯಾಕ್ಸ್ ನಂಬರ್) ಮಾತ್ರ. ಟ್ಯಾಕ್ಸ್ ರಿಟರ್ನ್ ಇಬ್ಬರದೂ ಸೇರಿಸಿ ಒಂದೇ ಹಾಕುತ್ತೇವೆ. ಗ್ರೀನ್ ಕಾರ್ಡ್ ಇಲ್ಲದ ಅಪ್ಪ ಅಮ್ಮನ ಮಕ್ಕಳು ಫಾಫ್ಸಾ (ಕಾಲೇಜಿಗೆ ಫೆಡರಲ್ ಹಣಕಾಸು ನೆರವಿನ ಅರ್ಜಿ) ತುಂಬಬಹುದೇ? ತುಂಬಬಹುದಾದರೆ ಸ್ಟೂಡೆಂಟ್‌ಏಡ್ ಡಾಟ್ ಗವ್ ತಾಣದ ಅಕೌಂಟ್ ಮೂವರಿಗೂ ಬೇಕೇ? ಅಮ್ಮನ ಅಕೌಂಟ್‌ನಲ್ಲಿ ಎಸ್‌ಎಸ್‌ಎನ್ ಜಾಗಕ್ಕೆ ಐಟಿಐಎನ್ ಹಾಕಬಹುದೇ? ಮಗಳ ಅಕೌಂಟನ್ನು ನಾನೇ ನನ್ನ ಇಮೇಲ್‌ನಲ್ಲಿ ತೆರೆದುಬಿಟ್ಟರೆ ಸುಲಭವಲ್ಲವೇ?

ಅರ್ಜಿಗುಮಾಸ್ತ
ತುಂಬಬಹುದು. ಫಾಫ್ಸಾ ನೋಡುವುದು ವಿದ್ಯಾರ್ಥಿಯ ಸ್ಟೇಟಸ್, ಅಪ್ಪ ಅಮ್ಮನ ವೀಸಾ ಅಲ್ಲ. ಮಗಳು ಸಿಟಿಜನ್ ಅಂದಮೇಲೆ ಅಲ್ಲಿಗೆ ಆ ಮಾತು ಮುಗಿಯಿತು. (ಮಗುವೇ ಎಚ್-4 ಆಗಿದ್ದರೆ ಫೆಡರಲ್ ನೆರವು ಇಲ್ಲ.)

ನಿಮ್ಮ ಮನೆಗೆ ಬೇಕಾದ ಅಕೌಂಟ್ ಎರಡೇ, ಮಗಳದು ಮತ್ತು ನಿಮ್ಮದು. ಅಪ್ಪ ಅಮ್ಮ ಮದುವೆಯಾಗಿದ್ದು, ಸಂಬಂಧಪಟ್ಟ ವರ್ಷಕ್ಕೆ ಜಂಟಿ ರಿಟರ್ನ್ ಹಾಕಿದ್ದರೆ ಇಬ್ಬರಲ್ಲಿ ಒಬ್ಬರು ‘ಕಾಂಟ್ರಿಬ್ಯೂಟರ್’ (ಫಾರ್ಮ್‌ನಲ್ಲಿ ತಮ್ಮ ಮಾಹಿತಿ ಕೊಟ್ಟು ಸಹಿ ಹಾಕುವವರು) ಆದರೆ ಸಾಕು. 2026–27ರ ಫಾರ್ಮ್‌ಗೆ ನೋಡುವುದು 2024ರ ರಿಟರ್ನ್. ಎಸ್‌ಎಸ್‌ಎನ್ ಇರುವ ನೀವೇ ಕಾಂಟ್ರಿಬ್ಯೂಟರ್ ಆಗಿ. ನಿಮ್ಮ ಭಾಗದಲ್ಲಿ ಹೆಂಡತಿಯ ಹೆಸರು, ಹುಟ್ಟಿದ ದಿನಾಂಕ ಕೇಳಬಹುದು, ತುಂಬಿ. ಅವರು ಲಾಗಿನ್ ಆಗಬೇಕಿಲ್ಲ, ಸಹಿ ಹಾಕಬೇಕಿಲ್ಲ. ಆ ವರ್ಷ ಬೇರೆಬೇರೆ ರಿಟರ್ನ್ ಹಾಕಿದ್ದವರಿಗೆ ಮಾತ್ರ ಇಬ್ಬರ ಅಕೌಂಟೂ ಬೇಕು.

ಹಾಗೆ ಬೇಕಾದವರು ಎಸ್‌ಎಸ್‌ಎನ್ ಖಾನೆಗೆ ಐಟಿಐಎನ್ ಹಾಕಲೇಬೇಡಿ. ಎರಡೂ ಒಂಬತ್ತು ಅಂಕಿಯವೇ, ಆದರೆ ಆ ಖಾನೆಯಲ್ಲಿ ಬಿದ್ದದ್ದು ತಾಳೆ ನೋಡಲು ಸೋಶಿಯಲ್ ಸೆಕ್ಯೂರಿಟಿ ಇಲಾಖೆಗೆ ಹೋಗುತ್ತದೆ. ಅವರಲ್ಲಿ ಐಟಿಐಎನ್ ದಾಖಲೆಯೇ ಇರುವುದಿಲ್ಲ, ಅದು ಟ್ಯಾಕ್ಸ್ ಇಲಾಖೆಯಾದ ಐಆರ್‌ಎಸ್‌ನದು. ‘ನನಗೆ ಎಸ್‌ಎಸ್‌ಎನ್ ಇಲ್ಲ’ ಎಂಬ ಚೌಕವಿದೆ, ಅದನ್ನು ಟಿಕ್ ಮಾಡಬೇಕು. ಆಮೇಲೆ ಹಳೆಯ ವಿಳಾಸ, ಸಾಲ ಇಂಥವುಗಳ ಮೇಲೆ ಗುರುತಿನ ಪ್ರಶ್ನೆ ಬರಬಹುದು. ಕ್ರೆಡಿಟ್ ಇತಿಹಾಸವೇ ಇಲ್ಲದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೇ ಹೇಳಿದ್ದು, ತಪ್ಪಿಸಿಕೊಳ್ಳುವ ದಾರಿ ಇದ್ದಾಗ ಈ ಕಡೆ ಬರಬೇಡಿ.

ಮಗಳ ಅಕೌಂಟನ್ನು ನೀವು ತೆರೆಯುವ ಹಾಗಿಲ್ಲ. ಆ ಲಾಗಿನ್ ಕಾನೂನಿನ ಲೆಕ್ಕದಲ್ಲಿ ಅವಳ ಸಹಿ, ಮುಂದೆ ಸಾಲದ ಪತ್ರಕ್ಕೂ ಅದರಲ್ಲೇ ಸಹಿ ಹಾಕುತ್ತಾಳೆ. ಪಕ್ಕದಲ್ಲಿ ಕೂತು ಹೇಳಿಕೊಡಿ, ಟೈಪ್ ಅವಳೇ ಮಾಡಲಿ. ಒಂದು ಇಮೇಲ್, ಒಂದು ಮೊಬೈಲ್ ನಂಬರ್ ಒಂದೇ ಅಕೌಂಟ್‌ಗೆ. ನಿಮ್ಮ ಇಮೇಲ್ ಅವಳಿಗೆ ಕೊಟ್ಟರೆ ನಾಳೆ ನಿಮ್ಮ ಅಕೌಂಟ್ ತೆರೆಯುವಾಗ ‘ಈಗಾಗಲೇ ಬಳಕೆಯಲ್ಲಿದೆ’ ಎಂದು ನಿಲ್ಲುತ್ತದೆ. ಹೈಸ್ಕೂಲ್ ಕೊಟ್ಟ ಇಮೇಲೂ ಬೇಡ. ಗ್ರಾಜುಯೇಶನ್ ಆದಮೇಲೆ ಅದನ್ನು ಮುಚ್ಚುತ್ತಾರೆ, ಫಾಫ್ಸಾವನ್ನು ಪ್ರತಿವರ್ಷ ತುಂಬಬೇಕು.

ಕಡೂರಿನವಳು
ಹೆಸರಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆಯವರ ಅಕೌಂಟ್ ಕೆಡುವುದು ಹೆಚ್ಚಾಗಿ ಅಲ್ಲೇ.

ಹೆಸರು, ಹುಟ್ಟಿದ ದಿನ, ಎಸ್‌ಎಸ್‌ಎನ್ ಮೂರೂ ಸೋಶಿಯಲ್ ಸೆಕ್ಯೂರಿಟಿ ದಾಖಲೆಗೆ ಹೊಂದಬೇಕು. ಇನಿಶಿಯಲ್ ಬಿಡಿಸಿ ಪಾಸ್‌ಪೋರ್ಟ್ ಮಾಡಿಸಿದವರಿಗೆ ಊರಿನ ಹೆಸರು, ತಂದೆಯ ಹೆಸರು ಎರಡೂ ಸರ್‌ನೇಮ್ ಆಗಿ ಕೂತಿರುತ್ತವೆ. ಆಫೀಸಿನಲ್ಲಿ, ಬ್ಯಾಂಕಿನಲ್ಲಿ ಅದರಲ್ಲಿ ಒಂದನ್ನೇ ಬಳಸಿ ರೂಢಿಯಾಗಿರುತ್ತದೆ. ಇಲ್ಲಿ ಹಾಗೆ ಅರ್ಧ ಬಿಟ್ಟರೆ ತಾಳೆಯಾಗದು. ‘ಮಂಜುನಾಥ’ ಕೊನೆಯಲ್ಲಿ ಎ ಅಕ್ಷರ ಇದೆಯೋ ಇಲ್ಲವೋ ಎಂಬಷ್ಟೂ ಲೆಕ್ಕಕ್ಕೆ ಬರುತ್ತದೆ. ನೆನಪಿನಿಂದ ಟೈಪ್ ಮಾಡಬೇಡಿ, ಸೋಶಿಯಲ್ ಸೆಕ್ಯೂರಿಟಿ ಕಾರ್ಡನ್ನೇ ಮುಂದಿಟ್ಟುಕೊಳ್ಳಿ.

ದಿನಾಂಕ ತಿಂಗಳು ಮೊದಲು, ದಿನ ಆಮೇಲೆ. ಏಪ್ರಿಲ್ 6 ಊರಿನ ರೂಢಿಯಲ್ಲಿ 06/04 ಅಂತ ಬಿದ್ದರೆ ಜೂನ್ 4 ಆಗುತ್ತದೆ. 13ನೇ ತಾರೀಖಿನಿಂದ ಮೇಲಿನದಾದರೆ ಪುಟವೇ ತಡೆಯುತ್ತದೆ, 12ರ ಒಳಗಿನದಾದರೆ ಸುಮ್ಮನೆ ಒಪ್ಪಿಕೊಂಡು ಆಮೇಲೆ ಮ್ಯಾಚ್ ಆಗಲಿಲ್ಲ ಅನ್ನುತ್ತದೆ.

ಕಾರ್ಡಿನಲ್ಲೇ ತಪ್ಪಿದ್ದರೆ ಫಾಫ್ಸಾದಲ್ಲಿ ಎಷ್ಟು ಸಲ ತಿದ್ದಿದರೂ ಪ್ರಯೋಜನವಿಲ್ಲ. ಫಾರ್ಮ್ ಎಸ್‌ಎಸ್-5 ಕೊಟ್ಟು ಮೊದಲು ಸೋಶಿಯಲ್ ಸೆಕ್ಯೂರಿಟಿ ಕಚೇರಿಯಲ್ಲಿ ಸರಿಪಡಿಸಬೇಕು. ಹಿಂದೆಲ್ಲ ತಾಳೆ ನೋಡುವುದಕ್ಕೆ ಒಂದರಿಂದ ಮೂರು ದಿನ ಹಿಡಿಯುತ್ತಿತ್ತು, ಈಗ ಹೆಚ್ಚಿನವರಿಗೆ ಕೂತಲ್ಲೇ ಆಗುತ್ತದೆ. ಹಾಗಂತ ಡೆಡ್‌ಲೈನ್ ದಿನ ತೆರೆಯಲು ಕೂರಬೇಡಿ.

‘ಈ ಎಸ್‌ಎಸ್‌ಎನ್‌ಗೆ ಅಕೌಂಟ್ ಇದೆ’ ಎಂದು ಬಂದರೆ ಗಾಬರಿ ಬೇಡ. ಮಗಳು ಸ್ಕೂಲಿನ ಫಾಫ್ಸಾ ಕಾರ್ಯಕ್ರಮದಲ್ಲಿ ತೆರೆದು ಮರೆತಿರಬಹುದು. ‘ಯೂಸರ್‌ನೇಮ್ ಮರೆತಿದ್ದೇನೆ’ ಒತ್ತಿ ಹಳೆಯದನ್ನೇ ಎತ್ತಿಕೊಳ್ಳಿ.

ಅರ್ಜಿಗುಮಾಸ್ತ
ಕಡೂರಿನವರು ಹೇಳಿದ್ದಕ್ಕೆ ಇನ್ನೊಂದು ಸೇರಿಸಿ: ಲಾಗಿನ್‌ಗೆ ಪ್ರತಿಸಲ ಎರಡನೇ ಕೋಡ್ ಬೇಕು. ಡಿಸೆಂಬರ್‌ನಲ್ಲಿ ರಜೆಗೆ ಊರಿಗೆ ಹೋಗುವವರು ಬರೀ ಎಸ್‌ಎಂಎಸ್ ನಂಬಿದರೆ ಅಲ್ಲಿ ಕೋಡ್ ಬಾರದೆ ಕೂರಬೇಕಾಗುತ್ತದೆ. ಅಥೆಂಟಿಕೇಟರ್ ಆ್ಯಪ್ ಜೋಡಿಸಿ, ಅಕೌಂಟ್ ತೆರೆದಾಗ ಕೊಡುವ ಬ್ಯಾಕಪ್ ಕೋಡನ್ನು ಕಾಗದದ ಮೇಲೆ ಬರೆದಿಡಿ.

ಎಡಿಸನ್_ಅಪ್ಪ
ಧನ್ಯವಾದ ಇಬ್ಬರಿಗೂ. ಎರಡು ಅಕೌಂಟ್ ಆದವು ಅಂದುಕೊಳ್ಳಿ, ಮುಂದೆ ಯಾರು ಮೊದಲು? ನಮ್ಮ ಸಂಬಳಕ್ಕೆ ಏನಾದರೂ ಸಿಗುತ್ತದೆಯೇ ಎಂಬುದು ಇನ್ನೊಂದು ಅನುಮಾನ.

ತ್ರಿವೇಣಿ_ಜೆರ್ಸಿಸಿಟಿ
ಮಗಳು ಮೊದಲು. ಸ್ಟೂಡೆಂಟ್‌ಏಡ್ ಡಾಟ್ ಗವ್‌ನಲ್ಲಿ (ಕೊನೆಯಲ್ಲಿ ಗವ್ ಇಲ್ಲದ, ಫೀಸ್ ಕೇಳುವ ತಾಣ ಯಾವುದೂ ಅಸಲಿ ಅಲ್ಲ) ಅವಳು ಲಾಗಿನ್ ಆಗಿ ತನ್ನ ಭಾಗ ತುಂಬುತ್ತಾಳೆ, ಅಪ್ಪನ ಇಮೇಲ್ ಹಾಕಿ ಆಹ್ವಾನ ಕಳಿಸುತ್ತಾಳೆ. ನೀವು ಅದನ್ನು ನಿಮ್ಮ ಲಾಗಿನ್‌ನಿಂದ ತೆರೆಯಬೇಕು. ಅದೇ ಲ್ಯಾಪ್‌ಟಾಪ್‌ನಲ್ಲಿ ಮಗಳು ಲಾಗೌಟ್ ಆಗದೆ ಕೂತು ತುಂಬಿದರೆ ಅಪ್ಪನ ಉತ್ತರ ಮಗಳ ಭಾಗಕ್ಕೆ ಬೀಳುತ್ತದೆ. ಬೇರೆ ಬ್ರೌಸರ್ ಬಳಸಿ. ಇಬ್ಬರ ಸಹಿಯೂ ಬೀಳುವವರೆಗೆ ಫಾರ್ಮ್ ಹೋಗಿರುವುದಿಲ್ಲ. ‘ನನ್ನದು ಮುಗಿಯಿತು’ ಎಂದು ಮಗಳು ಸುಮ್ಮನಾಗಿ, ಆಹ್ವಾನ ಅಪ್ಪನ ಸ್ಪ್ಯಾಮ್‌ನಲ್ಲಿ ಕೂತಿರುವುದು ಅಪರೂಪವೇನಲ್ಲ.

ಐಆರ್‌ಎಸ್‌ನಿಂದ ಟ್ಯಾಕ್ಸ್ ಮಾಹಿತಿ ತರಿಸಲು ‘ಕನ್ಸೆಂಟ್’ ಕೇಳುವ ಪುಟ ಬರುತ್ತದೆ. ಅಲ್ಲಿ ಬೇಡ ಎಂದರೆ ಅಂಕಿಗಳನ್ನು ಕೈಯಲ್ಲೇ ತುಂಬಿದರೂ ಮಗಳಿಗೆ ಫೆಡರಲ್ ನೆರವು ಒಂದು ಡಾಲರೂ ಇಲ್ಲ, ಸಾಲವೂ ಇಲ್ಲ.

ಸಂಬಳದ ವಿಚಾರ: ಐಟಿ ಸಂಬಳಕ್ಕೆ ಪೆಲ್ ಗ್ರಾಂಟ್ (ಕಡಿಮೆ ಆದಾಯದವರಿಗೆ ಕೊಡುವ, ತೀರಿಸಬೇಕಿಲ್ಲದ ಫೆಡರಲ್ ನೆರವು) ಸಾಮಾನ್ಯವಾಗಿ ಬರುವುದಿಲ್ಲ. ಆದರೆ ಆದಾಯ ಎಷ್ಟೇ ಇರಲಿ, ಮೊದಲ ವರ್ಷದ ವಿದ್ಯಾರ್ಥಿಗೆ 5,500 ಡಾಲರ್‌ವರೆಗೆ ಫೆಡರಲ್ ಸಾಲ ಸಿಗುತ್ತದೆ, ಅಪ್ಪ ಅಮ್ಮನ ಜಾಮೀನಿಲ್ಲದೆ. ಹಲವು ಕಾಲೇಜುಗಳು ತಮ್ಮದೇ ಗ್ರಾಂಟ್ ಕೊಡಲೂ ಫಾಫ್ಸಾ ಕೇಳುತ್ತವೆ. ಊರಿನಲ್ಲಿ ಸೈಟೋ ಫ್ಲ್ಯಾಟೋ ಇದ್ದರೆ ಹೂಡಿಕೆಯ ಖಾನೆಯಲ್ಲಿ ತೋರಿಸಬೇಕು. ವಾಸದ ಮನೆಗೆ ವಿನಾಯಿತಿ ಇದೆ.

ನ್ಯೂಜೆರ್ಸಿಯವರಿಗೆ ಇನ್ನೊಂದು ಅಕೌಂಟ್ ಇದೆ. ಫಾಫ್ಸಾ ಹೋದಮೇಲೆ ರಾಜ್ಯದ ನೆರವಿನ ತಾಣ ಎನ್‌ಜೆಫ್ಯಾಮ್ಸ್‌ನಲ್ಲಿ ಮಗಳು ಅಕೌಂಟ್ ತೆರೆದು ರಾಜ್ಯದ ಹೆಚ್ಚುವರಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಇಲ್ಲದಿದ್ದರೆ ರಾಜ್ಯದ ಗ್ರಾಂಟ್‌ನ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಅದು ವೆಬ್‌ಗ್ರಾಂಟ್ಸ್, ನಾಲ್ಕು ವರ್ಷದ ಕಾಲೇಜಿನ ಕ್ಯಾಲ್ ಗ್ರಾಂಟ್‌ಗೆ (ಆ ರಾಜ್ಯದ ಗ್ರಾಂಟ್) ಸಾಮಾನ್ಯವಾಗಿ ಮಾರ್ಚ್ 2 ಗಡುವು. ಫೆಡರಲ್ ಗಡುವು ಜೂನ್ 30, 2027 ಎಂದು ಓದಿ ನೆಮ್ಮದಿಯಾಗಿರಬೇಡಿ. ರಾಜ್ಯದ ಮತ್ತು ಕಾಲೇಜಿನ ತಾರೀಖುಗಳು ಅದಕ್ಕಿಂತ ತುಂಬ ಮುಂಚೆ ಬರುತ್ತವೆ.

ದೊಡ್ಡ ಖಾಸಗಿ ಕಾಲೇಜುಗಳು ಪಟ್ಟಿಯಲ್ಲಿದ್ದರೆ ಸಿಎಸ್‌ಎಸ್ ಪ್ರೊಫೈಲ್ (ಕಾಲೇಜ್ ಬೋರ್ಡ್‌ನ ನೆರವಿನ ಅರ್ಜಿ) ಕೂಡ ಕೇಳುತ್ತವೆ. ಅದಕ್ಕೆ ಹೊಸ ಅಕೌಂಟ್ ಬೇಡ, ಮಗಳು ಎಸ್‌ಎಟಿಗೆ ಬಳಸಿದ ಕಾಲೇಜ್ ಬೋರ್ಡ್ ಲಾಗಿನ್ನೇ ಸಾಕು. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಪ್ರತಿಯೊಂದಕ್ಕೆ 16.

ಎಡಿಸನ್_ಅಪ್ಪ
ಕನ್ಸೆಂಟ್ ಕೊಟ್ಟರೆ ನನ್ನ ಆದಾಯ ಮಗಳಿಗೆ ಕಾಣುತ್ತದೆಯೇ?

ಅರ್ಜಿಗುಮಾಸ್ತ
ಇಲ್ಲ. ಐಆರ್‌ಎಸ್‌ನಿಂದ ಬಂದ ಅಂಕಿಗಳು ಅವಳ ಪರದೆಯಲ್ಲೂ ಕಾಣುವುದಿಲ್ಲ, ನಿಮ್ಮದರಲ್ಲೂ ಕಾಣುವುದಿಲ್ಲ. ಸಿಎಸ್‌ಎಸ್ ಪ್ರೊಫೈಲ್ ಮಾತ್ರ ಬೇರೆ. ಅಲ್ಲಿ ಅಪ್ಪ ಅಮ್ಮ ಒಟ್ಟಿಗಿರುವ ಮನೆಯವರು ಮಗಳ ಲಾಗಿನ್‌ನಲ್ಲೇ ಎಲ್ಲವನ್ನೂ ಕೈಯಾರೆ ತುಂಬಬೇಕು, ಅವಳಿಗೆ ಪೂರ್ತಿ ಕಾಣುತ್ತದೆ.