ಆವೃತ್ತಿ ಸಂಖ್ಯೆ ಸಾಕೇ, ಸೌಲಭ್ಯಗಳ ಪಟ್ಟಿಯೇ ಬೇಕೇ? ಮಾಡಿ ನೋಡಿದವರು ಹೇಳಿ

ಪ್ರಶ್ನೆ: ನಾವೇ ಬರೆದ ಒಂದು ಪ್ರೋಟೋಕಾಲ್ (ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ನಿಯಮಗಳು) ಇದೆ. ಸರ್ವರ್ ಒಂದೇ, ಕ್ಲೈಂಟ್‌ಗಳು ಮಾತ್ರ ನಾನಾ ಕಾಲದವು. ಕೆಲವನ್ನು ಅಪ್‌ಡೇಟ್ ಮಾಡಲು ಆಗುವುದೇ ಇಲ್ಲ. ಈಗ ಕಂಪ್ರೆಷನ್ (ಕಳಿಸುವ ಮಾಹಿತಿಯನ್ನು ಒತ್ತಿ ಚಿಕ್ಕದಾಗಿಸುವುದು) ಸೇರಿಸಬೇಕು. ಯಾರಿಗೆ ಏನು ಬರುತ್ತದೆ ಎಂದು ಎರಡೂ ಕಡೆಗೆ ತಿಳಿಯಲು ಆವೃತ್ತಿ ಸಂಖ್ಯೆ ಕಳಿಸಿದರೆ ಸಾಕೇ?

ಉತ್ತರ: ದಯವಿಟ್ಟು ಸಂಖ್ಯೆಯೊಂದನ್ನೇ ನಂಬಬೇಡಿ. ನಾವು ನಂಬಿ ಎರಡು ವರ್ಷ ಒದ್ದಾಡಿದ್ದೇವೆ. 3 ಅಂದರೆ ಕಂಪ್ರೆಷನ್ ಉಂಟು, 4 ಅಂದರೆ ಅದರ ಜೊತೆ ಗುಂಪು ಸಂದೇಶವೂ ಉಂಟು ಎಂದು ಇಟ್ಟುಕೊಂಡಿದ್ದೆವು. ಆಮೇಲೆ ಮೆಮೊರಿ ಕಡಿಮೆಯಿರುವ ಸಾಧನಕ್ಕೆ ಒಂದು ಕ್ಲೈಂಟ್ ಬರೆಯಬೇಕಾಯಿತು. ಅದಕ್ಕೆ ಗುಂಪು ಸಂದೇಶ ಬೇಕು, ಕಂಪ್ರೆಷನ್ ಆಗದು. ಅದು 3 ಅನ್ನಬೇಕೋ, 4 ಅನ್ನಬೇಕೋ? ಕೊನೆಗೆ ಕ್ಲೈಂಟ್‌ನ ಹೆಸರು ನೋಡಿ ವಿನಾಯಿತಿ ಕೊಡುವ ಕೋಡ್ ಸರ್ವರ್ ತುಂಬ ಬೆಳೆಯಿತು. ಅದನ್ನು ಕಿತ್ತುಹಾಕುವುದು ಬರೆದದ್ದಕ್ಕಿಂತ ಕಷ್ಟವಾಯಿತು.

ಇಮೇಲ್ ಸಾಗಿಸುವ ಎಸ್‌ಎಮ್‌ಟಿಪಿ ಇದನ್ನು ಚೆನ್ನಾಗಿ ಬಿಡಿಸಿದೆ. ಮೊದಲು ಕ್ಲೈಂಟ್ ‘ಹೆಲೋ’ ಎಂಬ ಆದೇಶದಿಂದ ಮಾತು ಶುರುಮಾಡುತ್ತಿತ್ತು. 1993ರಲ್ಲಿ ‘ಎಹ್ಲೋ’ ಬಂತು. ಅದು ಅರ್ಥವಾದ ಸರ್ವರ್ ತನಗೆ ಬರುವುದನ್ನೆಲ್ಲ ಸಾಲಿಗೊಂದರಂತೆ ಹೇಳುತ್ತದೆ. ಅರ್ಥವಾಗದ್ದು ದೋಷ ಎನ್ನುತ್ತದೆ, ಕ್ಲೈಂಟ್ ಮತ್ತೆ ‘ಹೆಲೋ’ಗೆ ಇಳಿಯುತ್ತದೆ. ಹಳೆಯದನ್ನು ಯಾರೂ ಮುಟ್ಟಬೇಕಾಗಲಿಲ್ಲ.

ನಿಮ್ಮಲ್ಲಿ ಹಳೆಯದು ಕ್ಲೈಂಟ್. ಹಾಗಾಗಿ ಕ್ಲೈಂಟೇ ಮೊದಲು ಕೇಳಲಿ, ಕೇಳದವರಿಗೆ ಸರ್ವರ್ ಹೊಸದೇನನ್ನೂ ಕಳಿಸದಿರಲಿ. ಮೌನವನ್ನು ‘ಇಲ್ಲ’ ಎಂದೇ ಓದಿ. ಹಳೆಯ ಚಾಟ್ ಪ್ರೋಟೋಕಾಲ್ ಐಆರ್‌ಸಿಯಲ್ಲಿ ‘ಕ್ಯಾಪ್’ ಆದೇಶ ಇರುವುದು ಹೀಗೇ: ಕೇಳಿದ ಕ್ಲೈಂಟ್ ‘ಕ್ಯಾಪ್ ಎಂಡ್’ ಅನ್ನುವ ತನಕ ಸರ್ವರ್ ನೋಂದಣಿ ಮುಗಿಸದೆ ಕಾಯುತ್ತದೆ, ಕೇಳದ ಹಳಬರು ಎಂದಿನಂತೆ ಒಳಗೆ ಬರುತ್ತಾರೆ.

ಇನ್ನೊಬ್ಬರು: ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ‘ನನಗೆ ಬರುತ್ತದೆ’ ಎನ್ನುವುದು ಬೇರೆ, ‘ಇಲ್ಲಿಂದ ಬಳಸುತ್ತೇನೆ’ ಎನ್ನುವುದು ಬೇರೆ. ನಮ್ಮ ಕ್ಲೈಂಟ್ ಕಂಪ್ರೆಷನ್ ಕೇಳಿದ ಮರುಕ್ಷಣವೇ ಒತ್ತಿದ ಬೈಟ್‌ಗಳನ್ನು ಕಳಿಸಲು ಶುರುಮಾಡುತ್ತಿತ್ತು, ಸರ್ವರ್ ಒಪ್ಪಿಗೆ ಕೊಟ್ಟಮೇಲಷ್ಟೇ ಬಿಡಿಸುತ್ತಿತ್ತು. ವೇಗದ ನೆಟ್‌ವರ್ಕ್‌ನಲ್ಲಿ ಇದು ಕಾಣಿಸಲೇ ಇಲ್ಲ, ನಿಧಾನವಾದ ಕಡೆ ಮಾತ್ರ ಸಂಪರ್ಕ ಕಡಿದುಬೀಳುತ್ತಿತ್ತು. ಯಾವ ಸಂದೇಶದ ನಂತರದ ಬೈಟ್‌ನಿಂದ ಬದಲಾವಣೆ ಜಾರಿ ಎಂಬುದನ್ನು ಬರೆದೇ ಇಡಿ, ಎರಡೂ ದಿಕ್ಕಿಗೆ ಬೇರೆಬೇರೆಯಾಗಿ.

ಮತ್ತೊಬ್ಬರು: ಎನ್‌ಕ್ರಿಪ್ಷನ್ (ನಡುವಿನವರು ಓದದಂತೆ ಗುಪ್ತವಾಗಿಸುವುದು) ಇದ್ದರೆ, ಅದಕ್ಕೂ ಮೊದಲು ಬಂದ ಪಟ್ಟಿಯನ್ನು ಮರೆತುಬಿಡಿ. ನಡುವೆ ಕೂತವರು ಒಂದು ಸಾಲು ಅಳಿಸಿದರೂ ನಿಮಗೆ ತಿಳಿಯದು. ಎಸ್‌ಎಮ್‌ಟಿಪಿಯಲ್ಲಿ ‘ಸ್ಟಾರ್ಟ್‌ಟಿಎಲ್‌ಎಸ್’ (ಎನ್‌ಕ್ರಿಪ್ಷನ್ ಶುರುಮಾಡುವ ಆದೇಶ) ಆದಮೇಲೆ ಮೊದಲಿನದನ್ನು ಬಿಸುಟು ಮತ್ತೆ ಎಹ್ಲೋ ಕೇಳುವುದು ಇದಕ್ಕೇ. ಸಂಪರ್ಕ ಮುರಿದರೆ ‘ಅವರಿಗೆ ಬರುವುದಿಲ್ಲ’ ಎಂದು ತಿಳಿದು ಹಳೆಯ ವಿಧಾನಕ್ಕೆ ಇಳಿಯಲೂಬೇಡಿ. 2014ರ ಪೂಡಲ್ ದಾಳಿಗೆ ದಾರಿಯಾದದ್ದು ಬ್ರೌಸರ್‌ಗಳ ಆ ಅಭ್ಯಾಸವೇ: ಸಂಪರ್ಕ ಕೆಡಿಸಿ ಕೆಡಿಸಿ ಅವನ್ನು ಎಸ್‌ಎಸ್‌ಎಲ್ 3.0 ಎಂಬ ಹಳೆಯ, ದುರ್ಬಲ ಎನ್‌ಕ್ರಿಪ್ಷನ್ ವಿಧಾನಕ್ಕೆ ಇಳಿಸಬಹುದಿತ್ತು.

ಕೇಳಿದವರು: ತುಂಬಾ ಉಪಕಾರವಾಯಿತು. ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಬಂದರೆ?

ಮೊದಲ ಉತ್ತರದವರು: ಸುಮ್ಮನೆ ಬಿಟ್ಟು ಮುಂದೆ ಹೋಗಬೇಕು. ಬರೆದಿಟ್ಟರೆ ಸಾಲದು, ಪರೀಕ್ಷಿಸುತ್ತಲೇ ಇರಬೇಕು. 2018ರಲ್ಲಿ ಎನ್‌ಕ್ರಿಪ್ಷನ್ ಪ್ರೋಟೋಕಾಲ್ ಟಿಎಲ್‌ಎಸ್‌ನ 1.3ನೇ ಆವೃತ್ತಿ ಬಂದಾಗ ಹಳೆಯ ಆವೃತ್ತಿಯ ಜಾಗದಲ್ಲಿ 1.2ರ ಸಂಖ್ಯೆಯನ್ನೇ ಉಳಿಸಿ, ನಿಜವಾದ ಆವೃತ್ತಿಯನ್ನು ಒಂದು ವಿಸ್ತರಣೆಯೊಳಗೆ ಇಟ್ಟರು. ಹೊಸ ಸಂಖ್ಯೆ ಕಂಡರೆ ಸಂಪರ್ಕವನ್ನೇ ಕಡಿಯುವ ಸರ್ವರ್‌ಗಳು ಅಷ್ಟಿದ್ದವು. ಮುಂದೆ ಹಾಗಾಗದಿರಲಿ ಎಂದೇ ‘ಗ್ರೀಸ್’ ಎಂಬ ಉಪಾಯ ಬಂದದ್ದು: ಅರ್ಥವಿಲ್ಲದ ಮೌಲ್ಯಗಳನ್ನು ಬೇಕೆಂದೇ ಪಟ್ಟಿಯಲ್ಲಿ ಬೆರೆಸಿ ಕಳಿಸುತ್ತಿರುವುದು. ನಾವೂ ಪರೀಕ್ಷಾ ಸರ್ವರ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಒಂದು ಸುಳ್ಳು ಹೆಸರು ಸೇರಿಸಿದೆವು. ಮೊದಲ ದಿನವೇ ಎರಡು ಕ್ಲೈಂಟ್‌ಗಳು ಕ್ರ್ಯಾಶ್ ಆದವು. ಒಂದರಲ್ಲಿ ಪಟ್ಟಿಗೆಂದು 8 ಹೆಸರಿನಷ್ಟೇ ಜಾಗ ಇಟ್ಟಿದ್ದರು.