ಶಿಕ್ಷೆಯಾದ ಮಾಜಿ ಸೈನಿಕರು ಮೆಡಲ್ ವಾಪಸ್ ಕೊಡಬೇಕಾ?

ಪ್ರಶ್ನೆ (ರೋಣ ತಾಲೂಕಿನಿಂದ):
ವಕೀಲ ಸರ್, ನಮಸ್ಕಾರ. ನಮ್ಮಪ್ಪ ಮಿಲ್ಟ್ರಿಯಲ್ಲಿದ್ದವರು, 1999ರಲ್ಲಿ ಕಾರ್ಗಿಲ್‌ಗೆ ಹೋಗಿದ್ದರು. ಬದುವಿನ ಜಗಳದಲ್ಲಿ ಪಕ್ಕದ ಹೊಲದವರಿಗೆ ಸಲಿಕೆಯಿಂದ ಹೊಡೆದರು. ಕೊಲೆ ಯತ್ನದ ಕೇಸ್ ಆಯ್ತು. ಹೋದ ವಾರ ಸೆಷನ್ಸ್ ಕೋರ್ಟ್ ಮೂರು ವರ್ಷ ಶಿಕ್ಷೆ ಕೊಟ್ಟಿದೆ. ಸದ್ಯ ಜಾಮೀನಿನ ಮೇಲಿದ್ದಾರೆ. "ಮೆಡಲ್ ಎಲ್ಲ ಸರ್ಕಾರಕ್ಕೆ ಒಪ್ಪಿಸಬೇಕು" ಅಂತ ಊರಲ್ಲಿ ಯಾರೋ ಹೇಳಿದ ಮೇಲೆ ಅಪ್ಪ ಊಟಾನೇ ಬಿಟ್ಟಿದ್ದಾರೆ. ಅವ್ವ ಮೆಡಲ್‌ಗಳನ್ನು ಹಳೆ ಇಳಕಲ್ ಸೀರೆ ತುಂಡಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದಾರೆ. ಕೊಡಲೇಬೇಕಾ?

ಉತ್ತರ (ವಕೀಲರು, ಧಾರವಾಡ):
ತಮ್ಮಾ, ಮೊದಲು ಅಪ್ಪನಿಗೆ ಊಟ ಮಾಡಲು ಹೇಳು. ತೀರ್ಪು ಬಂತು ಅಂದಮಾತ್ರಕ್ಕೆ ಮೆಡಲ್ ಹೋಗುವುದಿಲ್ಲ. ಪರಮವೀರ ಚಕ್ರದಂಥ ಶೌರ್ಯ ಪದಕ ರದ್ದು ಮಾಡುವ ಅಧಿಕಾರ ಇರುವುದು ರಾಷ್ಟ್ರಪತಿಯವರಿಗೆ. ರದ್ದಾದದ್ದನ್ನು ಮತ್ತೆ ಕೊಡುವ ಅಧಿಕಾರವೂ ಅವರಿಗಿದೆ. ಯುದ್ಧಕ್ಕೆ ಹೋದವರಿಗೆ ಕೊಡುವ ಸೇವಾ ಪದಕಕ್ಕೂ ಅಧಿಕೃತ ಆದೇಶ ಬರಬೇಕು. ಊರವರ ಮಾತಿಗೆ ಟ್ರಂಕ್ ತೆಗೆಯಬೇಡಿ. ಮೆಡಲ್ ಅಂಚಿನಲ್ಲಿ ಅಪ್ಪನ ನಂಬರ್, ಹೆಸರು ಕೊರೆದಿರುತ್ತದೆ, ಬೆರಳಾಡಿಸಿ ನೋಡು. ಅದು ಅವರದೇ.

ನನಗೆ ಜಾಸ್ತಿ ಚಿಂತೆ ಇರುವುದು ಅಪೀಲಿನದು. ಹೈಕೋರ್ಟಿಗೆ 60 ದಿನದೊಳಗೆ ಹಾಕಬೇಕು, ಅದರಲ್ಲಿ ಒಂದು ವಾರ ಆಗಲೇ ಹೋಯಿತು. ಬೆಂಗಳೂರಿಗೆ ಓಡಾಡಬೇಕಿಲ್ಲ, 2013ರಿಂದ ಧಾರವಾಡದಲ್ಲೇ ಕಾಯಂ ಪೀಠ ಇದೆ. ತೀರ್ಪಿನ ಪ್ರತಿಯನ್ನು ಕೋರ್ಟ್ ಪುಕ್ಕಟೆ ಕೊಡಬೇಕು. ಸೇನೆ ಬಿಡುವಾಗ ಅಪ್ಪನಿಗೆ ಕೊಟ್ಟ ಡಿಸ್ಚಾರ್ಜ್ ಬುಕ್ಕನ್ನೂ ತನ್ನಿ. ಸೇನೆಯಲ್ಲಿ ದುಡಿದದ್ದರಿಂದ ತಪ್ಪು ಅಳಿಸಿಹೋಗುವುದಿಲ್ಲ, ಆದರೆ ಶಿಕ್ಷೆ ಕಡಿಮೆ ಮಾಡಿ ಅಂತ ಕೇಳುವಾಗ ಅದನ್ನು ಹೇಳಬಹುದು.

ಪೆನ್ಷನ್ ವಿಷಯ ನೀನು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಿವೃತ್ತಿಯಾದ ಮೇಲೂ ನಡತೆ ಚೆನ್ನಾಗಿರಬೇಕು ಅನ್ನುವ ಷರತ್ತು ಅದಕ್ಕಿದೆ. ಗಂಭೀರ ಅಪರಾಧ ಸಾಬೀತಾದರೆ ಸರ್ಕಾರ ಸ್ವಲ್ಪ ಅಥವಾ ಪೂರ್ತಿ ತಡೆಹಿಡಿಯಬಹುದು. ನೋಟಿಸ್ ಬಂದರೆ ಸುಮ್ನೆ ಇಟ್ಟುಕೊಳ್ಳಬೇಡಿ, ಅವತ್ತೇ ನನಗೆ ತೋರಿಸಿ.

ಪ್ರಶ್ನೆ ಕೇಳಿದವರು:
ಜೀವ ಬಂದಂಗಾಯ್ತು ಸರ್. ಆಗಸ್ಟ್ 15ಕ್ಕೆ ಅಪ್ಪ ಪ್ರತಿ ವರ್ಷ ಮೆಡಲ್ ಹಾಕಿಕೊಂಡು ನಮ್ಮೂರ ಶಾಲೆಗೆ ಹೋಗ್ತಾರೆ. ಈ ಸಲ ಹೋಗಬಹುದಾ?

ಉತ್ತರ:
ಕಾನೂನಿನ ಅಡ್ಡಿ ಇಲ್ಲ. ಆದರೆ ಪೆಟ್ಟು ತಿಂದವರೂ ಅದೇ ಊರಿನವರು ಅಲ್ವಾ? ಅವರ ಮನೆಯ ಮಕ್ಕಳೂ ಆ ಸಾಲಿನಲ್ಲಿ ನಿಂತಿರುತ್ತಾರೆ. ಈ ವರ್ಷ ಬೇಡ ಅನ್ನಿಸುತ್ತದೆ. ಜುಲೈ 26ಕ್ಕೆ ಧಾರವಾಡದ ಕಾರ್ಗಿಲ್ ಸ್ತೂಪಕ್ಕೆ ಕರೆದುಕೊಂಡು ಬಾ. ಮೆಡಲ್ ಹಾಕಿಕೊಂಡೇ ಬರಲಿ, ನಾನೂ ಬರುತ್ತೇನೆ.